ಎಂಟು ಸೈಕಲ್, ಎರಡು ತೊಣ್ಣೂರು: ಒಂದು ಮೇಲುಕೋಟೆ ರೈಡಿನ ಪ್ರಕರಣ

ಗೆಳೆಯರೆಲ್ಲ ಸೇರಿ ಸೈಕಲ್ಲಿನಲ್ಲಿ ಎಲ್ಲಾದರೂ ಹೋಗಿಬರೋಣ ಅಂತ ಹೇಳುವುದು ಸುಲಭ. ಹಾಗೆ ಹೇಳಿದವನೇ ಎಲ್ಲವನ್ನೂ ಹೊಂದಿಸಬೇಕಾಗಿ ಬಂದಾಗ ಕಷ್ಟ ಗೊತ್ತಾಗುತ್ತದೆ. ನಾವು ಎಂಟು ಜನ ಒಂದು ಡಿಸೆಂಬರ್ ಭಾನುವಾರ ಮೈಸೂರಿನಿಂದ ಮೇಲುಕೋಟೆಗೆ ಹೊರಟೆವು. ಮೇಲುಕೋಟೆ ಮುಟ್ಟಿದ್ದು ಮೂರೇ ಜನ. ಒಬ್ಬರು ವಾಟ್ಸಾಪ್ ಗುಂಪು ಬಿಟ್ಟರು. ಇನ್ನೊಬ್ಬ ಒಂದು ವಾರ ಯಾರ ಫೋನೂ ಎತ್ತಲಿಲ್ಲ. ಎರಡು ತಿಂಗಳಾದ ಮೇಲೆ ಅದೇ ಎಂಟು ಜನ ಅದೇ ಊರಿಗೆ ಹೋಗಿ, ನಗುತ್ತಾ ವಾಪಸ್ ಬಂದೆವು. ಎರಡು ಸಲವೂ ಹೊಂದಿಸಿದವನು ನಾನೇ. ನಡುವೆ ಏನು ಬದಲಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದಾರಿಯ ಬಗ್ಗೆ. ಮೈಸೂರಿನಿಂದ ಮೇಲುಕೋಟೆ ಹೆಚ್ಚುಕಮ್ಮಿ 50 ಕಿಲೋಮೀಟರ್. ಶ್ರೀರಂಗಪಟ್ಟಣಕ್ಕೆ 16, ಅಲ್ಲಿಂದ ಪಾಂಡವಪುರಕ್ಕೆ ಸುಮಾರು 10, ಆಮೇಲೆ ತೊಣ್ಣೂರು ಕೆರೆ, ಜಕ್ಕನಹಳ್ಳಿ, ಕೊನೆಗೆ ಬೆಟ್ಟ. ಮೈಸೂರು ಎತ್ತರದಲ್ಲಿದೆ, ಕಾವೇರಿ ತಗ್ಗಿನಲ್ಲಿದೆ. ಹಾಗಾಗಿ ಮೊದಲ 16 ಕಿಲೋಮೀಟರ್ ಒಟ್ಟಾರೆ ಇಳಿಜಾರೇ. ಸೈಕಲ್ ತಾನಾಗೇ ಓಡುತ್ತದೆ. ಎಲ್ಲರಿಗೂ ನಾವು ಬಲು ಗಟ್ಟಿಗರು ಅನ್ನಿಸುತ್ತದೆ. ಹೊಳೆ ದಾಟಿದ ಮೇಲೆ ನಿಧಾನವಾಗಿ ಏರು ಶುರುವಾಗುತ್ತದೆ. ಜಕ್ಕನಹಳ್ಳಿಯಿಂದ ಮೇಲಕ್ಕೆ ಆರು ಕಿಲೋಮೀಟರ್ ಇದೆ, ಸುಸ್ತಾದ ಕಾಲಿಗೆ ಅದೇ ನಿಜವಾದ ಪರೀಕ್ಷೆ.

ನೋಡಲು ಏನುಂಟು ಅಂತ ಕೇಳಿದರೆ, ಆ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ. ಕಬ್ಬು, ಭತ್ತ, ತೆಂಗು. ವಿಶ್ವೇಶ್ವರಯ್ಯ ನಾಲೆ, ನಮ್ಮ ಕಡೆ ಬಾಯಲ್ಲಿ ವಿ.ಸಿ. ನಾಲೆ. ಪಾಂಡವಪುರದ ಪಕ್ಕದಲ್ಲಿ ಕುಂತಿಬೆಟ್ಟದ ಬಂಡೆಗಳು. ಈ ಪಾಂಡವಪುರಕ್ಕೆ ಹಿಂದೆ ಹಿರೋಡೆ ಅಂತ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಅವರ ಜೊತೆಗಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂದರು. ಮುಂದೆ ರಾಮಾನುಜರ ನೆನಪಿನ ತೊಣ್ಣೂರು, ಅಲ್ಲಿನ ಸಮುದ್ರದಂಥ ಕೆರೆ. ಮೇಲುಕೋಟೆ ಸುತ್ತಿನ ಕುರುಚಲು ಕಾಡು 1974ರಿಂದ ವನ್ಯಧಾಮ, ಅದೂ ಮುಖ್ಯವಾಗಿ ತೋಳಗಳಿಗೆ. ನಮಗೆ ಇದುವರೆಗೆ ಒಂದೂ ಕಂಡಿಲ್ಲ, ಅದು ಬೇರೆ ಮಾತು.

ಇನ್ನು ಜನ. ಹೆಸರು ಬೇಡ, ಗುಂಪಿನಲ್ಲಿ ಕರೆಯುವಂತೆಯೇ ಹೇಳುತ್ತೇನೆ. ಮೇಷ್ಟ್ರು, 58 ವರ್ಷ, ಹೈಸ್ಕೂಲ್ ಗಣಿತ. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಮತ್ತೆ ತುಳಿಯಲು ಶುರು ಮಾಡಿ, ಆಮೇಲೆ ಸ್ವಂತ ಸೈಕಲ್ ತಗೊಂಡವರು. ಆಡಿಟರ್, ನನ್ನ ಕಾಲೇಜಿನ ಗೆಳೆಯ, ಗಾಳಿಯಂತೆ ಹೋಗುವವನು. ಕೈಯಲ್ಲಿ ಗಡಿಯಾರ, ಹ್ಯಾಂಡಲ್ ಮೇಲೆ ಮೀಟರು, ಮನೆಗೆ ಬಂದ ಕೂಡಲೇ ಸ್ಟ್ರಾವಾ, ಅಂದರೆ ತುಳಿದ ದೂರ, ಹೊತ್ತು ದಾಖಲಿಸುವ ಮೊಬೈಲ್ ಆ್ಯಪ್. ಮೆಡಿಕಲ್ ಅಂಗಡಿ ಇಟ್ಟಿರುವ ಇನ್ನೊಬ್ಬ ಗೆಳೆಯ, ಅವನ ಹೆಂಡತಿ. ಅವರನ್ನು ಎಲ್ಲರೂ ಅಕ್ಕ ಅಂತಲೇ ಕರೆಯುವುದು. ಸಾಫ್ಟ್‌ವೇರ್ ಹುಡುಗರು ಇಬ್ಬರು. ನನ್ನ ಭಾಮೈದ, ಇಂಜಿನಿಯರಿಂಗ್ ಎರಡನೇ ವರ್ಷ. ಎಂಟನೆಯವನು ನಾನು.

ಡಿಸೆಂಬರ್ ಭಾನುವಾರ

ಆರು ಗಂಟೆಗೆ ಬನ್ನಿಮಂಟಪದಲ್ಲಿ ಸೇರುವುದು ಅಂತ ಹೇಳಿದ್ದೆ. ಹೊರಟಿದ್ದು 6.40ಕ್ಕೆ. ಒಬ್ಬರ ಟೈರಿನಲ್ಲಿ ಗಾಳಿ ಇರಲಿಲ್ಲ, ಒಬ್ಬರ ಹೆಲ್ಮೆಟ್ ಪಟ್ಟಿ ಕಿತ್ತಿತ್ತು, ಇನ್ನೊಬ್ಬರು ಸುಮ್ನೆ ತಡವಾಗಿ ಬಂದರು. ಇದು ಎಲ್ಲ ಗುಂಪಿನಲ್ಲೂ ಆಗುವುದೇ, ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಹುಡುಗರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವ ಆಸೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು ಯಾವುದೂ ಬರುವಂತಿಲ್ಲ. ಸರ್ವಿಸ್ ರಸ್ತೆಯೇ ನಮಗೆ ಗತಿ. ಅಲ್ಲಿ ಎದುರಿನಿಂದ ಬರುವ ಬೈಕುಗಳೂ ಇರುತ್ತವೆ, ಮಂಜೂ ಇರುತ್ತದೆ. ಲೈಟ್ ಹಾಕಿಕೊಂಡು, ಒಬ್ಬರ ಹಿಂದೆ ಒಬ್ಬರು ಹೋದೆವು. ಅಷ್ಟು ಮಾತ್ರ ಸರಿಯಾಗಿ ಮಾಡಿದೆವು.

ಶ್ರೀರಂಗಪಟ್ಟಣದಲ್ಲಿ ಟೀ ಅಂತ ಮಾತಾಗಿತ್ತು. ಆಡಿಟರ್ ಮತ್ತು ಸಾಫ್ಟ್‌ವೇರ್ ಹುಡುಗರು 7.26ಕ್ಕೇ ಅಲ್ಲಿದ್ದರು. ನಾವು ಐದು ಜನ ಮುಟ್ಟುವಾಗ 7.49. ಅವರು ಟೀ ಕುಡಿದು, ಇಡ್ಲಿ ತಿಂದು, ಇನ್ನೊಂದು ಟೀ ಕುಡಿದು, ಸೆಲ್ಫಿ ತೆಗೆದುಕೊಂಡು, ಮೈ ತಣ್ಣಗಾಗಿ ನಿಂತಿದ್ದರು. ನಮ್ಮನ್ನು ಕಂಡ ಕೂಡಲೇ ಆಡಿಟರ್ ಹೆಲ್ಮೆಟ್ ಏರಿಸಿದ. 'ಬಂದ್ರಾ? ನಡೀರಿ, ಹೊರಡೋಣ.' ಮೇಷ್ಟ್ರು ಆಗತಾನೇ ಸೈಕಲ್ ಸ್ಟ್ಯಾಂಡ್ ಹಾಕಿ ಬೆಂಚಿನ ಮೇಲೆ ಕೂತಿದ್ದರು. ಅರ್ಧ ಲೋಟ ಟೀ ಹಾಗೇ ಬಿಟ್ಟು ಎದ್ದರು. 7.54.

ಆ ಅರ್ಧ ಲೋಟ ಟೀಯನ್ನು ನಾನೂ ನೋಡಿದೆ. ನೋಡಿಯೂ ಏನೂ ಹೇಳಲಿಲ್ಲ.

ಪಾಂಡವಪುರ ಹತ್ತಿರವಾಗುತ್ತಿದ್ದಂತೆ ನನ್ನದೊಂದು ತಪ್ಪು. 'ನಾಲೆ ಏರಿ ಮೇಲೆ ಕರೆದುಕೊಂಡು ಹೋಗ್ತೀನಿ, ಸ್ವರ್ಗ ಕಣ್ರೋ' ಅಂತ ಎಲ್ಲರಿಗೂ ಆಸೆ ಹುಟ್ಟಿಸಿದ್ದೆ. ಮುಂದಿನ ಮೂವರು ಅದನ್ನು ಮರೆತು ಮುಖ್ಯರಸ್ತೆಯಲ್ಲೇ ಪಾಂಡವಪುರಕ್ಕೆ ಹೋಗಿಬಿಟ್ಟರು. ನಾವು ಐವರು ಏರಿಗೆ ಇಳಿದೆವು. ಸ್ವರ್ಗ ನಿಜವೇ. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಕೊಯ್ಲಿಗೆ ಬಂದ ಭತ್ತ, ಮೇಲೆ ಬೆಳ್ಳಕ್ಕಿ. ನೆಲದಲ್ಲಿ ಜಾಲಿ ಮುಳ್ಳು. 8.40ಕ್ಕೆ ಅಕ್ಕನ ಹಿಂದಿನ ಟೈರು ಕೂತಿತು.

ಸೈಕಲ್ ತಳ್ಳಿಕೊಂಡು ಹತ್ತಿರದ ಹಳ್ಳಿಗೆ ಹೋದೆವು. ಪುಣ್ಯಕ್ಕೆ ಪಂಕ್ಚರ್ ಅಂಗಡಿ ತೆರೆದಿತ್ತು. ಹಳೇ ಹೊಗೆಸೊಪ್ಪಿನ ಡಬ್ಬಿಯಲ್ಲಿ ಸಲ್ಯೂಷನ್, ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ನೀರು. ಅಜ್ಜ ಟ್ಯೂಬು ಮುಳುಗಿಸಿ, ಗುಳ್ಳೆ ನೋಡಿ, ಉಜ್ಜಿ, ತೇಪೆ ಹಾಕಿದರು. ನಾನು ಧೈರ್ಯವಾಗಿ ಆಡಿಟರ್‌ಗೆ ಫೋನ್ ಮಾಡಿದೆ. 'ಪಂಕ್ಚರ್ ಆಗಿತ್ತು, ಆಯ್ತು. ನೀವು ಮುಂದೆ ಹೋಗಿ. ತೊಣ್ಣೂರಲ್ಲಿ ಸಿಗೋಣ.' ಆಗ 9.04. ಅವರು ಪಾಂಡವಪುರದಲ್ಲಿ 40 ನಿಮಿಷ ಕಾದಿದ್ದರು.

ಫೋನ್ ಇಟ್ಟ ಮೇಲೆ ಅಜ್ಜ ಪಂಪು ತಂದರು. ವಾಲ್ವ್ ನೋಡಿದರು. ತಲೆ ಕೆರೆದುಕೊಂಡರು. 'ಇದೇನಣ್ಣ, ಸೂಜಿ ಇದ್ದಂಗದೆ. ಇದ್ಕೆ ನನ್ ಪಂಪು ಕಚ್ಚಲ್ಲ.'

ಗೊತ್ತಿಲ್ಲದವರಿಗೆ ಹೇಳಬೇಕು. ದುಬಾರಿ ಸೈಕಲ್ಲುಗಳ ಟ್ಯೂಬಿಗೆ ಪ್ರೆಸ್ಟಾ ಅನ್ನುವ ಸಣ್ಣ ಬಾಯಿಯ ವಾಲ್ವ್ ಇರುತ್ತದೆ. ನಮ್ಮ ಊರಿನ ಸಾಮಾನ್ಯ ಸೈಕಲ್ ಪಂಪೂ ಅದಕ್ಕೆ ಕೂರುವುದಿಲ್ಲ, ಪೆಟ್ರೋಲ್ ಬಂಕಿನ ಪೈಪೂ ಕೂರುವುದಿಲ್ಲ. ಮಧ್ಯೆ ಒಂದು ಹಿತ್ತಾಳೆಯ ಅಡಾಪ್ಟರ್ ತಿರುಪಬೇಕು. ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಅದು ನಮ್ಮ ಗುಂಪಿನಲ್ಲಿ ಇತ್ತು. ಪಂಪೂ ಇತ್ತು, ಬದಲಿ ಟ್ಯೂಬೂ ಇತ್ತು. ಎಲ್ಲವೂ ಆಡಿಟರ್‌ನ ಸೀಟಿನ ಕೆಳಗಿನ ಚೀಲದಲ್ಲಿತ್ತು. ಆ ಹೊತ್ತಿಗೆ ಅದು ತೊಣ್ಣೂರಿನ ದಾರಿಯಲ್ಲಿ ಗಂಟೆಗೆ 21 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿತ್ತು. ಫೋನು ಅವನ ಬೆನ್ನಿನ ಜೇಬಿನಲ್ಲಿ. ಮೂರು ಸಲ ಮಾಡಿದೆ, ಎತ್ತಲಿಲ್ಲ.

ಕೊನೆಗೆ ಭಾಮೈದ ಮೊಬೈಲಿನಲ್ಲಿ ಹುಡುಕಿ ಒಂದು ಉಪಾಯ ಕಂಡುಹಿಡಿದ. ವಾಲ್ವಿನ ಪ್ಲಾಸ್ಟಿಕ್ ಟೋಪಿಯ ತುದಿ ಕುಯ್ದು, ಅದನ್ನು ತಲೆಕೆಳಗು ಮಾಡಿ ತಿರುಪಿದರೆ ಪಂಪಿನ ಬಾಯಿ ಹೇಗೋ ಹಿಡಿದುಕೊಳ್ಳುತ್ತದೆ. ಅಜ್ಜ ಬ್ಲೇಡು ಕೊಟ್ಟರು. ಅರ್ಧದಷ್ಟು ಗಾಳಿ ಹೋಯಿತು. ಒಟ್ಟು 55 ನಿಮಿಷ. ಅಷ್ಟು ಹೊತ್ತೂ ಮೇಷ್ಟ್ರು ಸೈಕಲ್ ಹಿಡಿದು ನಿಂತೇ ಇದ್ದರು.

ಮುಂದೆ ಹಳ್ಳಿ ರಸ್ತೆ. ಒಂದು ಊರಿನ ಹೊರಗೆ ಟಾರಿನ ಮೇಲೆ ಉದ್ದಕ್ಕೂ ಹುರುಳಿ ಹರಡಿದ್ದರು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಹೋಗಿ ಬರುವ ಲಾರಿ, ಬಸ್ಸುಗಳೇ ಒಕ್ಕಣೆ ಮಾಡಿಕೊಡುತ್ತವೆ. ಕಾರಿಗೇನೂ ಆಗುವುದಿಲ್ಲ. ಗೇರ್ ಸೈಕಲ್ಲಿಗೆ ಮಾತ್ರ ಹುರುಳಿ ಬಳ್ಳಿ ಯಮ. ಭಾಮೈದ ಜೋರಾಗಿ ನುಗ್ಗಿದ. ಬಳ್ಳಿ ಹಿಂದಿನ ಗೇರಿಗೆ ಹಗ್ಗದಂತೆ ಸುತ್ತಿಕೊಂಡು, ಚೈನ್ ಸಿಕ್ಕಿಹಾಕಿಕೊಂಡು, ಡಿರೇಲರ್, ಅಂದರೆ ಚೈನನ್ನು ಗೇರಿಂದ ಗೇರಿಗೆ ದಾಟಿಸುವ ಭಾಗ, ಒಳಕ್ಕೆ ಬಾಗಿತು. ರಸ್ತೆ ಬದಿ ಕೂತಿದ್ದ ಅಜ್ಜಿ ಕುಡುಗೋಲು ತಂದುಕೊಟ್ಟು, 'ಇಳ್ದು ತಳ್ಕೊಂಡ್ ಹೋಗ್ಬಾರ್ದಾ ಮಗ' ಅಂದರು. ನ್ಯಾಯವಾದ ಮಾತು. ಎಳೆ ಎಳೆಯಾಗಿ ಕುಯ್ದು ತೆಗೆಯಲು 20 ನಿಮಿಷ ಹಿಡಿಯಿತು. ಆಮೇಲೆ ಅವನಿಗೆ ಒಂದೇ ಗೇರು.

10.40ಕ್ಕೆ ತೊಣ್ಣೂರು ಕೆರೆ ಏರಿ. ಆಡಿಟರ್ ಕಾಣಲಿಲ್ಲ.

'ಎಲ್ಲಿದ್ದೀಯೋ?'

'ತೊಣ್ಣೂರಲ್ಲೇ ಇದೀವಿ ಕಣೋ, ಒಂದು ಗಂಟೆ ಆಯ್ತು! ನೀವೆಲ್ಲಿ?'

'ನಾವೂ ತೊಣ್ಣೂರಲ್ಲೇ.'

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವರು ಮುಖ್ಯರಸ್ತೆಯಿಂದ ತೊಣ್ಣೂರಿಗೆ ತಿರುಗುವ ಕಡೆ, ಬಸ್ ಸ್ಟಾಪಿನಲ್ಲಿ ಕೂತಿದ್ದರು. ನಾವು ಹಳ್ಳಿ ದಾರಿಯಿಂದ ನೇರ ಕೆರೆಗೆ ಬಂದಿದ್ದೆವು. ಇದು ಬಗೆಹರಿಯುವಷ್ಟರಲ್ಲಿ 11 ಗಂಟೆ. ಆಡಿಟರ್ ಸಿಟ್ಟಿನಲ್ಲಿದ್ದ. 'ನಾವು ಹೋಗ್ತೀವಿ' ಅಂದ, ಹೋದ. ಮೂವರೂ ಹನ್ನೆರಡೂ ಕಾಲು ದಾಟಿದ ಮೇಲೆ ಮೇಲುಕೋಟೆ ಮುಟ್ಟಿದರು. ನಾವು ಐವರು ಒಂದು ಗೂಡ್ಸ್ ಗಾಡಿ ಹಿಡಿದು, ಸೈಕಲ್ ಹೇರಿಕೊಂಡು, ಅದರ ಹಿಂದೆಯೇ ನಿಂತುಕೊಂಡು ಮೈಸೂರಿಗೆ ಬಂದೆವು. ಗಾಡಿಯ ಹಿಂದೆ ಜನ ನಿಲ್ಲಬಾರದು, ಗೊತ್ತು. ಇದೂ ತಪ್ಪುಗಳ ಪಟ್ಟಿಗೇ ಸೇರಲಿ.

ಅಂದು ರಾತ್ರಿ ಆಡಿಟರ್ ಗುಂಪಿನಲ್ಲಿ ಬರೆದ: 'ಮುಂದಿನ ಸಲ ಫಿಟ್ ಇರೋರು ಮಾತ್ರ ಬಂದ್ರೆ ಒಳ್ಳೇದು.' ಐದು ನಿಮಿಷಕ್ಕೆ ಮೇಷ್ಟ್ರ ಉತ್ತರ ಬಂತು: 'ನಾನು ಬಂದ ಕೂಡಲೇ ನೀವೆಲ್ಲ ಎದ್ದುಬಿಡ್ತೀರಿ. ನಾನೇನು ನಿಮ್ಮನ್ನ ಎಬ್ಬಿಸೋ ಅಲಾರಮ್ಮಾ?' ಅದಾದ ಮೇಲೆ ಮೇಷ್ಟ್ರು ಗುಂಪು ಬಿಟ್ಟರು ಅಂತ ಪರದೆಯ ಮೇಲೆ ಒಂದು ಸಾಲು.

ಲೆಕ್ಕ

ಎರಡು ವಾರ ಸುಮ್ನಿದ್ದೆ. ಆಮೇಲೆ ಆಡಿಟರ್ ಮನೆಗೆ ಹೋಗಿ ಅವನ ಸ್ಟ್ರಾವಾ ದಾಖಲೆ ತೆಗೆಸಿದೆ. ನನ್ನ ಫೋನಿನಲ್ಲೂ ದಾಖಲೆ ಇತ್ತು, ನಾನು ದಾರಿಯುದ್ದಕ್ಕೂ ಮೇಷ್ಟ್ರ ಪಕ್ಕದಲ್ಲೇ ಇದ್ದೆ. ಎರಡನ್ನೂ ಒಂದು ಹಾಳೆಯ ಮೇಲೆ ಇಟ್ಟೆ.

ಆಡಿಟರ್: ಬೆಳಗ್ಗೆ 6.40ರಿಂದ 11ರವರೆಗೆ 4 ಗಂಟೆ 20 ನಿಮಿಷ. ಅದರಲ್ಲಿ ತುಳಿದದ್ದು 1 ಗಂಟೆ 39 ನಿಮಿಷ. ಉಳಿದ 2 ಗಂಟೆ 41 ನಿಮಿಷ ಸುಮ್ನೆ ನಿಂತದ್ದು.

ಮೇಷ್ಟ್ರು: 6.40ರಿಂದ 10.40ರವರೆಗೆ 4 ಗಂಟೆ. ತುಳಿದದ್ದು 2 ಗಂಟೆ 40 ನಿಮಿಷ. ಪಂಕ್ಚರ್ 55, ಹುರುಳಿ 20. ಕೂತು ಸುಧಾರಿಸಿಕೊಂಡದ್ದು 5 ನಿಮಿಷ. ಆ ಅರ್ಧ ಲೋಟ ಟೀ.

ಆಡಿಟರ್ ಬಹಳ ಹೊತ್ತು ಹಾಳೆ ನೋಡಿದ. 'ಅಂದ್ರೆ, ನಾನು ಕಾದು ಕಾದು ಸಾಯ್ತಿದ್ದಾಗ ಅವರು ಒಂದು ಸಲನೂ ಕೂತಿರಲಿಲ್ವಾ?' ಅಂದ. ಇಲ್ಲ. ಇವನಿಗೆ ನಿಲ್ಲಿಸಿದ್ದಕ್ಕೆ ಸಿಟ್ಟು, ಅವರಿಗೆ ನಿಲ್ಲಲು ಬಿಡದ್ದಕ್ಕೆ ಸಿಟ್ಟು.

ನನಗೆ ಹೊಳೆದದ್ದೂ ಅಲ್ಲೇ. ನಾನು ಎಷ್ಟು ದೂರ, ಯಾವ ರಸ್ತೆ, ಯಾವ ನೋಟ ಅಂತೆಲ್ಲ ಯೋಚಿಸಿದ್ದೆ. ತುಳಿಯುವುದನ್ನು ಮಾತ್ರ ಹೊಂದಿಸಿದ್ದೆ, ನಿಲ್ಲುವುದನ್ನು ಹೊಂದಿಸಿರಲಿಲ್ಲ. ತುಳಿಯುವಾಗ ನಮ್ಮ ಗುಂಪಿಗೆ ಏನೂ ಆಗಲಿಲ್ಲ. ಕೆಟ್ಟದ್ದೆಲ್ಲ ನಿಂತ ಕಡೆಯೇ: ಟೀ ಅಂಗಡಿಯಲ್ಲಿ, ಪಂಕ್ಚರ್ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಕೆರೆ ಏರಿಯಲ್ಲಿ.

ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆ 'ಎಲ್ಲರಿಗಿಂತ ನಿಧಾನವಾಗಿ ಹೋಗುವವರ ವೇಗಕ್ಕೆ ಗುಂಪು ಹೋಗಬೇಕು' ಅಂತ. ಕೇಳಲು ಚೆನ್ನಾಗಿದೆ. ಮಾಡಿ ನೋಡಿ, ಅರ್ಧ ಗಂಟೆಗೆ ವೇಗದವರಿಗೆ ಬೇಸರ, ನಿಧಾನದವರಿಗೆ ಮುಜುಗರ. ಮೇಷ್ಟ್ರೇ ಆಮೇಲೆ ಒಂದು ದಿನ ಹೇಳಿದರು: 'ನನ್ನ ಹಿಂದೆ ಯಾರಾದ್ರೂ ಬ್ರೇಕ್ ಹಿಡ್ಕೊಂಡು ಬರೋದು ಕೇಳಿಸಿದ್ರೆ ನನಗೆ ಉಸಿರೇ ಕಟ್ಟುತ್ತೆ.' ಹಾಗಾಗಿ ಆ ದಾರಿ ನಮಗಾಗಲಿಲ್ಲ. ಮನೆಯವರು, ಮಕ್ಕಳ ಜೊತೆ ಹತ್ತು ಕಿಲೋಮೀಟರ್ ಹೋಗುವುದಾದರೆ ಅದೇ ಸರಿ ಇರಬಹುದು.

ಮೇಷ್ಟ್ರನ್ನು ಮತ್ತೆ ಕರೆಯಲು ಆಡಿಟರ್ ತಾನೇ ಹೋದ. ಏನು ಮಾತಾಡಿದರೋ ಗೊತ್ತಿಲ್ಲ. ಹಾಳೆ ಮಾತ್ರ ತಗೊಂಡು ಹೋಗಿದ್ದ. ಗಣಿತದ ಮೇಷ್ಟ್ರಿಗೆ ಲೆಕ್ಕಕ್ಕಿಂತ ದೊಡ್ಡ ಕ್ಷಮಾಪಣೆ ಯಾವುದಿದೆ?

ಎರಡನೇ ಸಲ, ಫೆಬ್ರವರಿ

ಈ ಸಲ ಎಂಟು ಜನರೂ ಮೇಷ್ಟ್ರ ಮನೆಯಲ್ಲಿ ಕೂತು ಹೊಂದಿಸಿದೆವು. ಬೋರ್ಡು ಅವರದೇ, ಸೀಮೆಸುಣ್ಣವೂ ಅವರದೇ.

ಮೊದಲ ಬದಲಾವಣೆ ಹೊರಡುವ ಹೊತ್ತಿನದು. ತೊಣ್ಣೂರಿಗೆ 34 ಕಿಲೋಮೀಟರ್. ಮೇಷ್ಟ್ರು ಗಂಟೆಗೆ 14ರಂತೆ ಹೋದರೆ ಸುಮಾರು ಎರಡೂವರೆ ಗಂಟೆ, ತಿಂಡಿಗೆ 25 ನಿಮಿಷ. ಆಡಿಟರ್ 20ರಂತೆ ಹೋದರೆ 1 ಗಂಟೆ 42 ನಿಮಿಷ. ಹಾಗಾದರೆ ಒಂದೇ ಹೊತ್ತಿಗೆ ಯಾಕೆ ಹೊರಡಬೇಕು? ಒಟ್ಟಿಗೆ ಹೊರಡುವುದಕ್ಕಿಂತ ಒಟ್ಟಿಗೆ ಮುಟ್ಟುವುದು ಮುಖ್ಯ ಅಲ್ವಾ? ನಿಧಾನದವರು 6.15ಕ್ಕೆ, ವೇಗದವರು 7.15ಕ್ಕೆ, ಎಲ್ಲರೂ ತೊಣ್ಣೂರಲ್ಲಿ ಒಂಬತ್ತರ ಸುಮಾರಿಗೆ. ಸಾಫ್ಟ್‌ವೇರ್ ಹುಡುಗರಿಗೆ ಇದು ತುಂಬಾ ಹಿಡಿಸಿತು, ಕಾರಣ ಒಂದು ಗಂಟೆ ನಿದ್ದೆ ಜಾಸ್ತಿ. ಅಕ್ಕ ಮಾತ್ರ ಕೇಳಿದರು: 'ಹಿಂಗಾದ್ರೆ ಇದು ಒಂದು ರೈಡಾ, ಎರಡು ರೈಡಾ?' ಸರಿಯಾದ ಪ್ರಶ್ನೆ. ಉತ್ತರ ನನ್ನ ಹತ್ತಿರ ಈಗಲೂ ಪೂರ್ತಿ ಇಲ್ಲ. ಆದರೆ ಮೊದಲ ಸಲ ಒಟ್ಟಿಗೆ ಹೊರಟೂ ಎರಡೇ ರೈಡ್ ಆಗಿತ್ತು. ಈ ಸಲ ಗೊತ್ತಿದ್ದೂ ಎರಡು ಮಾಡಿ, ಮಧ್ಯೆ ಒಂದು ಕಡೆ ಗಂಟು ಹಾಕಿದೆವು.

ಎರಡನೆಯದು ನಿಲ್ಲುವ ಹೊತ್ತಿನದು. ನಿಲ್ದಾಣದ ಗಡಿಯಾರ ಕೊನೆಯವರು ಬಂದು ಕೂತ ಮೇಲೆ ಶುರು. 'ಹೊರಡೋಣ' ಅನ್ನುವ ಹಕ್ಕು ಕೊನೆಗೆ ಬಂದವರಿಗೆ ಮಾತ್ರ. ಬೇರೆ ಯಾರೂ ಹೆಲ್ಮೆಟ್ ಮುಟ್ಟುವಂತಿಲ್ಲ. ಇಷ್ಟು ಚಿಕ್ಕ ನಿಯಮ ಮಾಡಲು ಒಂದು ಜಗಳ ಬೇಕಾಯಿತು.

ಮೂರನೆಯದು ಚೀಲ. ಪಂಪು, ಟ್ಯೂಬು, ತೇಪೆ, ಅಡಾಪ್ಟರ್, ಚೈನ್ ಲಿಂಕು, ಓಆರ್‌ಎಸ್ ಎಲ್ಲವೂ ಕೊನೆಯ ಸೈಕಲ್ಲಿನಲ್ಲಿ. ಕೊನೆಯವನು ಯಾವಾಗಲೂ ನಾನು. ಸೈಕಲ್‌ನವರು ಇದಕ್ಕೆ ಸ್ವೀಪ್ ಅನ್ನುತ್ತಾರೆ. ಕೆಟ್ಟು ನಿಂತವರ ಹತ್ತಿರ ಹಿಂದಿನವನು ತಾನಾಗೇ ಬಂದು ಸೇರುತ್ತಾನೆ. ಮುಂದಿನವನು ವಾಪಸ್ ಬರಬೇಕು, ಅದೂ ಫೋನ್ ಎತ್ತಿದರೆ. ವೇಗದವರ ಹತ್ತಿರವೂ ಒಂದು ಸಣ್ಣ ಚೀಲ ಕೊಟ್ಟೆವು. ಅಡಾಪ್ಟರ್ ಮಾತ್ರ ನಾಲ್ಕು ತಂದೆ. ಒಂದನ್ನು ಆ ಪಂಕ್ಚರ್ ಅಂಗಡಿಯ ಅಜ್ಜನಿಗೇ ಕೊಟ್ಟು ಬಂದೆ. ಪಂಪಿನ ಹಿಡಿಕೆಗೆ ದಾರದಲ್ಲಿ ಕಟ್ಟಿಕೊಂಡರು.

ಸೇರುವ ಜಾಗಕ್ಕೆ ಊರಿನ ಹೆಸರು ಹೇಳುವುದನ್ನು ಬಿಟ್ಟೆವು. ಮ್ಯಾಪಿನಲ್ಲಿ ಪಿನ್ ಹಾಕಿ, ಜೊತೆಗೆ 'ಕೆರೆ ಏರಿ ಮೇಲೆ, ನೀರು ಕಾಣುವ ಕಡೆ' ಅಂತ ಬಾಯಲ್ಲೂ ಹೇಳಿದೆ. ಪಿನ್ ಒಂದೇ ಸಾಲದು, ನೆಟ್‌ವರ್ಕ್ ಇಲ್ಲದ ಕಡೆ ಅದು ಬರೀ ನೀಲಿ ಚುಕ್ಕೆ.

ನಾಲೆ ಏರಿಯ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ನಾನು ಡಿಸೆಂಬರ್‌ನಲ್ಲಿ ಕರೆದುಕೊಂಡು ಹೋದ ರೀತಿ ಸರಿಯಿರಲಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಮೇಷ್ಟ್ರು ಆ ದಿನದ ಮಾತು ಬಂದಾಗ ಬೋರ್ಡಿನ ಕಡೆ ತಿರುಗಿ ನಿಂತರು. ಏರಿಯ ಅಂಚಿನಲ್ಲಿ ಎಷ್ಟೋ ಕಡೆ ತಡೆಗೋಡೆ ಇರುವುದಿಲ್ಲ. ನಾಲೆಯ ಗೋಡೆ ನುಣ್ಣಗೆ ಇಳಿಜಾರು, ಬಿದ್ದರೆ ಹಿಡಿದು ಹತ್ತಲು ಆಗುವುದಿಲ್ಲ, ಈಜು ಬಂದರೂ ಅಷ್ಟೇ. ನೀರು ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ, ಕೆಲವು ದಿನ ತುಂಬಿ ಹರಿಯುತ್ತದೆ, ಕೆಲವು ದಿನ ಖಾಲಿ. ಹೋಗುವ ಮೊದಲು ಆ ಕಡೆಯವರನ್ನು ಕೇಳಬೇಕು. ಕೊನೆಗೆ ತೀರ್ಮಾನ ಮಾಡಿದ್ದು: ಪೂರ್ತಿ ಬೆಳಕಾದ ಮೇಲೆ, ಎರಡು–ಮೂರು ಕಿಲೋಮೀಟರ್ ಮಾತ್ರ, ಒಬ್ಬರ ಹಿಂದೆ ಒಬ್ಬರು, ಗದ್ದೆ ಕಡೆಯ ಅಂಚಿನಲ್ಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲುವುದು. ಫೋಟೋ ಬೇಕಾದರೆ ಸೈಕಲ್ ಮಲಗಿಸಿ ತೆಗೆಯುವುದು. ನೋಟ ಚೆನ್ನಾಗಿರುವ ದಾರಿಗಳ ಕಷ್ಟವೇ ಇದು. ಕಣ್ಣು ಎಲ್ಲಿ ಹೋಗಬಾರದೋ ಅಲ್ಲೇ ಹೋಗುತ್ತದೆ.

ಉಳಿದವು ಸಣ್ಣವು. ರಸ್ತೆ ಮೇಲೆ ಹುರುಳಿ, ರಾಗಿ ಏನೇ ಕಂಡರೂ ಇಳಿದು ತಳ್ಳುವುದು. ಮುಂದಿನವರು 'ಹಂಪ್', 'ಗುಂಡಿ', 'ನಾಯಿ' ಅಂತ ಕೂಗುವುದು. ವಾಪಸ್ ಬರಲು ಗೂಡ್ಸ್ ಗಾಡಿಗೆ ಮೊದಲೇ ಹೇಳಿ, ಸೈಕಲ್ ಮಾತ್ರ ಅದರಲ್ಲಿ ಹಾಕಿ, ನಾವು ಬಸ್ಸಿನಲ್ಲಿ ಬರುವುದು. ಮರಳುವಾಗ ಹೊಳೆಯಿಂದ ಮೈಸೂರಿಗೆ ಬಿಸಿಲಿನಲ್ಲಿ ಏರು ತುಳಿಯುವ ಶಕ್ತಿ ಎಂಟರಲ್ಲಿ ಆರು ಜನಕ್ಕೆ ಇರಲಿಲ್ಲ. ಅದನ್ನು ಒಪ್ಪಿಕೊಂಡೆವು.

ಆ ದಿನ ಮೇಷ್ಟ್ರು, ಅಕ್ಕ, ಅಕ್ಕನ ಯಜಮಾನರು, ನಾನು 6.15ಕ್ಕೆ ಸರಿಯಾಗಿ ಹೊರಟೆವು. ಭಾಮೈದ ಡಿರೇಲರ್ ಕೂರುವ ಹೊಸ ಹ್ಯಾಂಗರ್ ಹಾಕಿಸಿಕೊಂಡು ವೇಗದವರ ಕಡೆ ಸೇರಿದ್ದ. ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರು ಇಡ್ಲಿ ತಿಂದು, ಒಂದು ಟೀ ಪೂರ್ತಿ ಕುಡಿದು, ಲೋಟವನ್ನು ತಲೆಕೆಳಗು ಮಾಡಿ ನನಗೆ ತೋರಿಸಿದರು. ತೊಣ್ಣೂರು ಕೆರೆ ಏರಿಗೆ 9.05ಕ್ಕೆ ಬಂದೆವು. ಗಾಳಿಗೆ ಅಲೆ ಎದ್ದಿದ್ದವು. ಹತ್ತು ನಿಮಿಷಕ್ಕೆ ನಾಲ್ಕು ಹೆಲ್ಮೆಟ್ ಕಾಣಿಸಿದವು. ಎಲ್ಲರೂ ಕೂಗಿದೆವು. ಬೆಳಗ್ಗೆ ಹೊರಡುವಾಗ ನೋಡಿರಲಿಲ್ಲವಲ್ಲ, ಎಷ್ಟೋ ದಿನಕ್ಕೆ ಸಿಕ್ಕವರಂತೆ ಮಾತು. ಇದು ನಾನು ಎಣಿಸಿರದ ಲಾಭ.

ಎಲ್ಲವೂ ಸರಿಹೋಯಿತು ಅಂತೇನಿಲ್ಲ. ಗಾಡಿಯವರು ಒಂದೂವರೆ ಗಂಟೆ ತಡ ಮಾಡಿದರು. ಆಡಿಟರ್‌ಗೆ ಬೆಳಗಿನ ತಂಪು ತಪ್ಪಿಹೋದ ಬೇಸರ ಉಳಿಯಿತು. ಅದನ್ನು ನಾನೂ ಒಪ್ಪುತ್ತೇನೆ. ತಡವಾಗಿ ಹೊರಡುವವರಿಗೆ ಬಿಸಿಲು ಜಾಸ್ತಿ, ಟ್ರಾಫಿಕ್ಕೂ ಜಾಸ್ತಿ. ಬೇಸಿಗೆಯಲ್ಲಿ ಈ ಏರ್ಪಾಡು ನಡೆಯಲಾರದು ಅಂತ ನನ್ನ ಅನುಮಾನ.

ತೊಣ್ಣೂರಿನಿಂದ ಮುಂದಕ್ಕೆ ಯಾರೂ ಯಾರಿಗೂ ಕಾಯುವಂತಿಲ್ಲ, ಮೇಲುಕೋಟೆ ಕಲ್ಯಾಣಿ ಮೆಟ್ಟಿಲ ಮೇಲೆ ಸೇರುವುದು ಅಂತ ಮಾತು. ಬೆಟ್ಟ ಹತ್ತುವಾಗ ಪ್ರತಿಯೊಬ್ಬರದೂ ಒಂದೊಂದು ಉಸಿರು. ಅಲ್ಲಿ ಜೊತೆಗೆ ಹೋಗಲು ನೋಡಿದರೆ ಇಬ್ಬರಿಗೂ ಹಿಂಸೆ. 9.35ಕ್ಕೆ ಮೇಷ್ಟ್ರು ಎದ್ದರು. 'ನೀವು ಆರಾಮಾಗಿ ಬನ್ನಿ' ಅಂದರು. ಅವರ ಹಿಂದೆ ನಾವು ಮೂವರು.

ಜಕ್ಕನಹಳ್ಳಿ ದಾಟಿದ ಮೇಲೆ ಮೇಷ್ಟ್ರು ಎರಡು ಕಡೆ ಇಳಿದು ತಳ್ಳಿದರು. ನಾಚಿಕೆ ಏನೂ ಇರಲಿಲ್ಲ. ತಳ್ಳುತ್ತಲೇ ದಾರಿ ಬದಿಯ ಬಂಡೆ, ಗಿಡ ತೋರಿಸುತ್ತಾ ಬಂದರು. ಅಕ್ಕ ಒಂದು ಸಲವೂ ಕಾಲು ನೆಲಕ್ಕೆ ತಾಗಿಸಲಿಲ್ಲ. ಕೊನೆಯ ತಿರುವಿನಲ್ಲಿ ಅವರ ಯಜಮಾನರು ತಳ್ಳುತ್ತಿದ್ದಾಗ ಪಕ್ಕದಲ್ಲೇ ಹಾದುಹೋದರು, ಬೆಲ್ ಹೊಡೆದು. 11.25ಕ್ಕೆ ನಾಲ್ವರೂ ಕಲ್ಯಾಣಿಯಲ್ಲಿದ್ದೆವು. ವೇಗದವರ ಸುದ್ದಿ ಇಲ್ಲ.

ಅವರು ದಾರಿಯಲ್ಲಿ ಆಲೆಮನೆ ಕಂಡು ನಿಂತಿದ್ದರು ಅಂತ ಆಮೇಲೆ ಗೊತ್ತಾಯಿತು. ಕಬ್ಬಿನ ಹಾಲು ಕುಡಿದು, ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲ ಬೆರಳಲ್ಲಿ ತೆಗೆದು ತಿಂದು, 50 ನಿಮಿಷ ಅಲ್ಲೇ ಕಳೆದಿದ್ದರು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಬಿಸಿ ಬೆಲ್ಲದ ಮುಂದೆ ಯಾವ ವೇಳಾಪಟ್ಟಿಯೂ ನಿಲ್ಲಬಾರದು.

ನಾವು ಪುಳಿಯೋಗರೆ ತಂದು ಮೆಟ್ಟಿಲ ಮೇಲೆ ಕೂತು ತಿಂದೆವು. ಮೇಷ್ಟ್ರು ದೊನ್ನೆಯ ತಳದಲ್ಲಿ ಉಳಿದ ಕಡಲೆಬೀಜ ಒಂದೊಂದಾಗಿ ಆರಿಸಿ ತಿಂದರು, ಕೈ ತೊಳೆದರು, ಶೂ ಬಿಚ್ಚಿ ಕಾಲು ಚಾಚಿದರು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. 11.45ಕ್ಕೆ ಆಡಿಟರ್ ಮೇಲೆ ಕಾಣಿಸಿದ. ಮುಖವೆಲ್ಲ ಕೆಂಪಾಗಿ, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಇಳಿದು ಬಂದು, ಮೊದಲ ಮೆಟ್ಟಿಲ ಮೇಲೆ ಕೂರಲು ಬಗ್ಗಿದ.

ಮೇಷ್ಟ್ರು ಶೂ ಹಾಕಿಕೊಂಡು, ಹೆಲ್ಮೆಟ್ ಏರಿಸಿ, ಎದ್ದು ನಿಂತರು.

'ಬಂದ್ಯೇನಪ್ಪಾ? ನಡಿ, ಹೊರಡೋಣ.'